ಖಾಲಿ ಕಿವಿ

ಹದಿನೇಳು ಮರಿಗಳ ಕಿವಿ ಕೊಯ್ದಾಗಿತ್ತು, ಇನ್ನು ಮೂರೇ ಉಳಿದಿದ್ದವು, ಆ ಮೂರನ್ನು ಎರ್ರೆಪ್ಪ ಬೆಳಗಿನಿಂದ ಕಂಡೂ ಕಾಣದವನಂತೆ ರೊಪ್ಪದ ಮೂಲೆಗೇ ಬಿಟ್ಟುಕೊಂಡು ಬಂದಿದ್ದ. ಜಾಲಿಮುಳ್ಳಿನ ಬೇಲಿಯೊಳಗೆ ಬಿಸಿಲು ಇನ್ನೂ ಎಳೆಯದಾಗಿತ್ತು. ಕುರುಗೋಡಿನ ಗುಡ್ಡದ ನೆರಳು ಅರ್ಧ ರೊಪ್ಪದ ಮೇಲಿತ್ತು, ಇನ್ನರ್ಧದಲ್ಲಿ ಕುರಿಗಳು ಮೈ ಒದರಿದಾಗಲೆಲ್ಲ ಧೂಳು ಏಳುತ್ತಿತ್ತು. ಅಪ್ಪನ ತಮ್ಮ ಮೂಕಪ್ಪ, ಅವನ ಚಿಗಪ್ಪ, ಎಂದಿನ ಕಲ್ಲಿನ ಮೇಲೆ ಕುಂತು ಎಡಗೈಯಲ್ಲಿ ಚೂರಿ ಹಿಡಿದು ಒಂದೊಂದು ಮರಿಯ ಬಲಗಿವಿಯ ಕೆಳಗಿನ ಅಂಚಿಗೆ ಒಂದೊಂದು ಕಚ್ಚು ಹಾಕುತ್ತಿದ್ದ. ಅವ್ವ ದೊಡ್ಡಬಸಮ್ಮ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಾಲ್ಕೂ ಕಾಲನ್ನು ಒಂದೇ ಕೈಯಲ್ಲಿ ಹಿಡಿದು, ಕಚ್ಚು ಬಿದ್ದ ಕೂಡಲೇ ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿಣ ಒತ್ತುತ್ತಿದ್ದಳು. ಮರಿ ಒಂದು ಸಲ ಚೀರಿ, ಕಿವಿ ಒದರಿ, ತಾಯಿಯ ಕಡೆಗೆ ಓಡುತ್ತಿತ್ತು. ಅಷ್ಟೇ. ಇನ್ನು ಅದು ಬದುಕಿರುವವರೆಗೆ, ಯಾರ ಕುರಿಯೊಳಗೆ ಬೆರೆತರೂ, ಹೊಳೆ ದಾಟಿ ಎತ್ತ ಹೋದರೂ, ಕುರುಗೋಡಿನ ಈ ಮನೆಯದೇ. ಅಕ್ಷರ ಬಾರದವರೂ ಆ ಕಚ್ಚು ನೋಡಿ ಇದು ಇಂಥವರದು ಎಂದು ಹೇಳಿ ಬಿಟ್ಟುಕೊಡುತ್ತಾರೆ. ಮರಿ ಹಿಡಿದು ಕೊಡುವುದಷ್ಟೇ ಎರ್ರೆಪ್ಪನ ಕೆಲಸ.

“ಒಂದರ ನೆಟ್ಟಗ ಬಿತ್ತೇನು ನೋಡು,” ಎಂದು ಅವ್ವ ಮೈದುನನನ್ನು ಚುಡಾಯಿಸಿದಳು. “ಎಡಚನ ಕಚ್ಚು ಯಾವತ್ತಿದ್ರೂ ಓರೆನ.”

“ಓರೆ ಇದ್ರೇನವ, ಬಿದ್ದೈತಿಲ್ಲೋ,” ಎಂದ ಚಿಗಪ್ಪ.

“ಆ ಮೂರೂ ಹಿಡಕೊಂಡು ಬಾರಲೇ, ಮುಗಿಸಿ ಎದ್ದೇಳೋಣು,” ಎಂದು ಅವ್ವ ಮಗನನ್ನು ಕರೆದಳು. “ನಾಡಿದ್ದ ಸಂಗನಕಲ್ಲಿಗೆ ಹೋಗಾಕಬೇಕು. ಹುಡುಗಿ ಕಡಿಯೋರಿಗೆ ಬರ್ತೀವಿ ಅಂತ ಹೇಳಿ ಕಳಿಸೀನಿ.”

ಸಂಗನಕಲ್ಲಿನ ಹುಡುಗಿಯ ಮಾತು ಹೋದ ಕಾರ್ತೀಕದಿಂದ ಮನೆಯಲ್ಲಿ ಸುತ್ತಾಡುತ್ತಿತ್ತು. ಎರ್ರೆಪ್ಪ ಹೂಂ ಅಂದಿರಲಿಲ್ಲ, ಊಹೂಂ ಅನ್ನಲೂ ಬಾಯಿ ಬಂದಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಊಹೂಂ ಅನ್ನುವುದು? ಹೆಂಡತಿ ತವರಿಗೆ ಹೋಗಿ ಎರಡು ವರ್ಷವಾದರೂ ಕರೆಯಲು ಹೋಗದ ಗಂಡ, ಆಕೆಯೇ ಬೇಕು ಅಂತ ಅವ್ವನೆದುರು ಹೇಗೆ ಹೇಳಬೇಕು? ಅವನು ಮೂಲೆಗೆ ನಡೆದು ಒಂದು ಮರಿಯನ್ನೆತ್ತಿಕೊಂಡ. ತಿಂಗಳ ಮರಿ. ಅದರ ಎಡಗಿವಿ ಅವನ ಕೈಗೆ ಸಿಕ್ಕಿತು. ತೆಳ್ಳಗೆ, ಬೆಚ್ಚಗೆ, ಎಲ್ಲೂ ಒಂದು ಗೀರೂ ಇಲ್ಲದ ಕಿವಿ. ಬೆರಳು ಅದರ ತುದಿಯವರೆಗೆ ಹೋಗಿ, ಅಲ್ಲೊಂದು ಸೀಳು ಇರಬೇಕಾಗಿತ್ತು ಎಂಬಂತೆ ಹುಡುಕಿ, ಏನೂ ಸಿಗದೆ ನಿಂತಿತು. ಪಾರಿ, ಪಾರಿ ಎಂದು ಮನಸ್ಸು ಮರಿಯ ಹಾಗೇ ಚೀರಿತು.

“ಇವು ಇರ್ಲಿ,” ಎಂದ.

“ಇರ್ಲಿ ಅಂದ್ರ?”

“ಇವು ನಮ್ಮವಲ್ಲ.”

ಅವ್ವ ತೊಡೆ ಕೊಡವಿ ಎದ್ದಳು. “ತಲಿ ನೆಟ್ಟಗೈತೇನಲೇ ನಿಂದು? ಅವುಗಳ ತಾಯಿ ಕಿವಿ ನೋಡು. ತಾಯಿ ನಮ್ಮದು ಅಂದ ಮ್ಯಾಲೆ ಮರಿ ಯಾರದು? ಹೋದಾಕಿ ಹೋದಳು, ಹೊಳ್ಳಿ ನೋಡಿಲ್ಲ ಆಕಿ. ಆಕಿ ಮರಿ ಅಂತ ಈಗ ಎತ್ತಿ ಆಡಿಸ್ತೀಯೇನು?”

ಚಿಗಪ್ಪ ಚೂರಿಯನ್ನು ಪಂಚೆಯ ಅಂಚಿಗೆ ಒರೆಸುತ್ತ ಎರ್ರೆಪ್ಪನ ಮುಖ ನೋಡಿದ. ಎರಡು ವರ್ಷದ ಹಿಂದೆಯೂ ಹೀಗೇ ನೋಡಿ, ಹೀಗೇ ಸುಮ್ಮನಾಗಿದ್ದ. ಆ ನೋಟಕ್ಕೆ ಎರ್ರೆಪ್ಪ ಅಂದಿನ ಹಾಗೆಯೇ ಇಂದೂ ಕಣ್ಣು ಕೆಳಗೆ ಹಾಕಿದ.

ಆ ಮೂರು ಮರಿಗಳ ತಾಯಂದಿರ ಕಿವಿಯಲ್ಲಿ ಕುರುಗೋಡಿನ ಕಚ್ಚು ಇದ್ದದ್ದು ನಿಜ. ಇರಬಾರದಾಗಿತ್ತು, ಅದೇ ತಪ್ಪು. ಈ ಕುರಿಗಾರರಲ್ಲಿ ಮಗಳನ್ನು ಕೊಡುವಾಗ ತವರಿನವರು ಒಂದು ಹೆಣ್ಣುಕುರಿ ಕೊಡುತ್ತಾರೆ. ಆ ಕುರಿ, ಅದರ ಮರಿ, ಮರಿಯ ಮರಿ, ಅವುಗಳ ಉಣ್ಣೆ, ಎಲ್ಲ ಆಕೆಯದು. ಗಂಡನ ಕುರಿಗಳೊಳಗೇ ಮೇಯುತ್ತವೆ, ಆದರೆ ಕಿವಿಯಲ್ಲಿ ತವರಿನ ಗುರುತು ಇರುತ್ತದೆ. ಎರ್ರೆಪ್ಪನ ಹೆಂಡತಿ, ದೇಶನೂರಿನ ಪಾರಮ್ಮನ ತವರಿನ ಗುರುತು ಎಡಗಿವಿಯ ತುದಿಗೆ ಒಂದು ಸೀಳು. ಒಂದು ಮನೆಯ ಗುರುತನ್ನು ಇನ್ನೊಂದು ಮನೆಯವನು ಹಾಕಿದರೆ ಅದು ಕಳ್ಳತನ, ಹೀಗಾಗಿ ಪ್ರತಿ ಮಾಘಮಾಸದಲ್ಲಿ ಪಾರಮ್ಮನ ಅಪ್ಪ ದೇಶನೂರಿನಿಂದ ಎರಡು ದಿನ ನಡೆದು ಬಂದು, ಮಗಳು ತೊಡೆಯ ಮೇಲೆ ಹಿಡಿದು ಕುಂತ ಮರಿಯ ಕಿವಿಯನ್ನು ತನ್ನ ಚೂರಿಯಿಂದಲೇ ಸೀಳಿ, ಮಗಳ ಕೈಯ ರೊಟ್ಟಿ ಉಂಡು, ಮರುದಿನ ಹೊರಟುಬಿಡುತ್ತಿದ್ದ. ಎರಡು ಮರಿಗಾಗಿ ಎರಡು ದಿನ ನಡೆಯುವ ಮುದುಕನನ್ನು ಕಂಡು ಎರ್ರೆಪ್ಪನಿಗೆ ಮೊದಮೊದಲು ನಗು ಬರುತ್ತಿತ್ತು. ಮುದುಕ ಬರುವ ದಿನ ಪಾರಮ್ಮ ಬೆಳಗಿನಿಂದ ಗುಡ್ಡದ ಕಡೆಯ ಹಾದಿಗೇ ಕಣ್ಣಿಟ್ಟು ಕೂಡುತ್ತಿದ್ದಳು. ಅರಿಶಿಣ ಒತ್ತಿದ ಕೈಯನ್ನು ಆಕೆ ಎಂದೂ ತನ್ನ ಸೀರೆಗೆ ಒರೆಸಿಕೊಂಡವಳಲ್ಲ, ಎರ್ರೆಪ್ಪನ ಕಂಬಳಿಯ ಅಂಚು ಹಿಡಿದು ಅದಕ್ಕೇ ಒರೆಸುತ್ತಿದ್ದಳು. “ನಿನಗ ಬೇರೆ ಬಟ್ಟೀನ ಇಲ್ಲೇನು?” ಎಂದು ಅವನು ಬಯ್ದರೆ, “ಇದೂ ನಂದ,” ಎಂದು ನಗುತ್ತಿದ್ದಳು. ಆ ಅಂಚು ಈಗಲೂ ಹಳದಿಯಾಗಿತ್ತು. ಎರಡು ವರ್ಷದಿಂದ ಅವನು ಆ ಕಂಬಳಿಯನ್ನು ಹಳ್ಳಕ್ಕೆ ಒಯ್ದು ಒಗೆದಿರಲಿಲ್ಲ, ಅವ್ವ ಕೇಳಿದರೆ ಚಳಿ ಅಂತಿದ್ದ, ಬೇಸಿಗೆಯಲ್ಲೂ ಚಳಿ ಅಂತಿದ್ದ.

ಹೊತ್ತು ಏರುವ ಮೊದಲೇ ಅವನು ಮೂರು ತಾಯಿ, ಮೂರು ಮರಿ ಬೇರೆ ಮಾಡಿ ರೊಪ್ಪದ ಬಾಗಿಲಿಗೆ ತಂದ. ಎಲ್ಲಿಗೆ ಎಂದು ಅವ್ವ ಕೇಳಿದಳು. ದೇಶನೂರಿಗೆ ಎಂದ. ಅವ್ವ ಆಡಬಾರದ್ದನ್ನೆಲ್ಲ ಆಡಿದಳು, ಗಂಡಸಾಗಿ ಹೆಂಡತಿಯ ಬಾಗಿಲಿಗೆ ಮರಿ ಹೊತ್ತುಕೊಂಡು ಹೋಗುವವನನ್ನು ಏನಂತಾರೆ ಎಂದಳು, ಕೊನೆಗೆ ಅತ್ತಳು. ಚಿಗಪ್ಪ ಬೇಲಿಯ ಮುಳ್ಳುಕೊಂಬೆ ಸರಿಸಿ ದಾರಿ ಬಿಟ್ಟ.

“ಖಾಲಿ ಕಿವಿ ಮರಿ ತಗೊಂಡು ಹಾದ್ಯಾಗ ಹೊಂಟಿ. ಕಂಡೋರು ಕೇಳ್ತಾರ, ಹುಷಾರಿ,” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಹೊಂಟಿ ಅಂದ ಮ್ಯಾಲೆ ಹೇಳಾದು ಹೇಳಿ ಬಾರಪಾ. ನನ್ನ ಕಣ್ಣು ಇನ್ನಾ ಮಂಜಾಗಿಲ್ಲ,” ಎಂದ.

ಎರೆಹೊಲದಲ್ಲಿ ಜೋಳ ಕೊಯ್ದು ಕೂಳೆ ಉಳಿದಿತ್ತು. ತಾಯಿಕುರಿಗಳು ಕೂಳೆಗೆ ಬಾಯಿ ಹಾಕುತ್ತ, ಮರಿಗಳು ಓಡುತ್ತ, ನಿಲ್ಲುತ್ತ, ಎಲ್ಲಕ್ಕಿಂತ ಸಣ್ಣದು ಎರ್ರೆಪ್ಪನ ಕಂಬಳಿಯ ಮಡಿಕೆಯಲ್ಲಿ ತಲೆ ಹೊರಗಿಟ್ಟುಕೊಂಡು ಹೊರಟವು. ಹೊಲದ ನಡುನಡುವೆ ಹೊಸಪೇಟೆಯ ಅಣೆಕಟ್ಟಿನ ಕಾಲುವೆ ಇಲ್ಲಿ ಬರುತ್ತದೆಂದು ಯಾರೋ ಬಂದು ನೆಟ್ಟುಹೋದ ಸುಣ್ಣ ಬಳಿದ ಕಲ್ಲುಗಳಿದ್ದವು. ಚಿಗಪ್ಪನ ಮಾತು ಹಿಂದಿನಿಂದ ಬರುತ್ತಲೇ ಇತ್ತು. ಕಣ್ಣು ಮಂಜು. ಅದು ಎರ್ರೆಪ್ಪನೇ ಹುಟ್ಟಿಸಿದ ಮಾತು. ಥೂ, ಎಂಥ ಬಾಯಿ ತನ್ನದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ದಸ್ತಗೀರಸಾಬನ ಉಣ್ಣೆಯಂಗಡಿ ಇದೆ. ಯುದ್ಧದ ಕಾಲದಲ್ಲಿ ದಂಡಿನವರಿಗೆ ಕಂಬಳಿ ಒದಗಿಸಿ ಹೆಸರು ಮಾಡಿದ ಮನುಷ್ಯ, ಹಸನ್ಮುಖಿ, ಎಲ್ಲರಿಗೂ ಬೇಕಾದವ. ಎರಡು ವರ್ಷದ ಹಿಂದೆ ಎರ್ರೆಪ್ಪ ಅಲ್ಲಿಗೆ ಎರಡು ಗಂಟು ಉಣ್ಣೆ ಒಯ್ದಿದ್ದ, ದೊಡ್ಡದೊಂದು, ಸಣ್ಣದೊಂದು. ಸಣ್ಣ ಗಂಟಿನೊಳಗೆ ಕೈ ಹಾಕಿ ದಸ್ತಗೀರಸಾಬ, “ಇದು ಭಾರಿ ಚಲೋ ಐತಲ್ಲಪಾ, ಬ್ಯಾರೆ ಯಾಕ ಕಟ್ಟೀ?” ಎಂದು ಕೇಳಿದ. ಅದು ನನ್ನ ಹೆಂಡತಿಯ ಕುರಿಯದು ಎಂದು ಎರ್ರೆಪ್ಪ ಸಹಜವಾಗಿ ಹೇಳಿದ. “ಓಹೋ! ಹೆಂಡ್ತಿ ಹತ್ರ ಕುರಿ ಕಾಯಾಕ ನಿಂತೀಯೇನಪಾ? ಊಟಕ್ಕರ ಚಲೋ ಹಾಕ್ತಾಳಿಲ್ಲೋ ಮಾಲಕಿನಿ?” ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಮಂದಿ ಕುಂತಿದ್ದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎರ್ರೆಪ್ಪನೇ. ನಕ್ಕು, ಹೊರಗೆ ಬಂದು, ಊರು ದಾಟಿ, ಹಾದಿಯುದ್ದಕ್ಕೂ ಆ ನಗುವನ್ನು ನೆನೆದು ನೆನೆದು ಕಿವಿ ಬಿಸಿ ಮಾಡಿಕೊಂಡ. ಆ ಮಾತಿನಲ್ಲಿ ವಿಷವೇನೂ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಅದು ಒಳಗೆ ಹೋಗಿ ಕುಂತಿತು.

ಮನೆಗೆ ಬಂದರೆ ಪಾರಮ್ಮ ಇರಲಿಲ್ಲ. ದೇಶನೂರಿನಿಂದ ಆಳು ಬಂದು, ಅಪ್ಪನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಕರೆದುಕೊಂಡು ಹೋಗಿದ್ದ. ಮೂರು ದಿನ ಬಿಟ್ಟು ಮರಿಗಳ ಕಿವಿ ಕೊಯ್ದರು. ಪಾರಮ್ಮನ ಕುರಿಗಳು ಆ ಸಲ ಮೂರು ಹೆಣ್ಣುಮರಿ ಹಾಕಿದ್ದವು. ಮುದುಕ ಬರುವಂತಿರಲಿಲ್ಲ. “ಇರ್ಲಿ, ಪಾರವ್ವ ಬಂದ ಮ್ಯಾಲೆ ಅವರ ಮನಿಯೋರು ಯಾರರ ಬರ್ತಾರ,” ಎಂದು ಚಿಗಪ್ಪ ಅವನ್ನು ಬೇರೆ ಕಟ್ಟಿ ಊಟಕ್ಕೆ ಹೋದ. ಎರ್ರೆಪ್ಪ ಒಬ್ಬನೇ ಉಳಿದ. ಚೂರಿ ಕಲ್ಲಿನ ಮೇಲಿತ್ತು. ಒಂದೇ ಮನೆಯಲ್ಲಿ ಎರಡು ಕಿವಿ ಯಾಕೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ನ್ಯಾಯದ ಮಾತೇ ಅನ್ನಿಸಿತು, ಪ್ರೀತಿಯ ಮಾತೂ ಅನ್ನಿಸಿತು. ಮೂರು ಮರಿಗಳನ್ನೂ ಒಂದೊಂದಾಗಿ ಮೊಣಕಾಲಿನ ನಡುವೆ ಒತ್ತಿ ಹಿಡಿದು, ಬಲಗೈಯಿಂದ, ಬಲಗಿವಿಗೆ ಒಂದೊಂದು ಕಚ್ಚು ಹಾಕಿದ. ಕೊನೆಯದು ಚೀರುವಾಗ, ದಸ್ತಗೀರಸಾಬ, ಈಗ ಯಾರ ಕುರಿ ಕೇಳು ಎಂದು ಮನಸ್ಸಿನಲ್ಲೇ ಹಲ್ಲು ಕಡಿದ. ಆಮೇಲೆ ತಿಳಿಯಿತು, ಅದೇ ದಿನ ಮಧ್ಯಾಹ್ನ, ಬಹುಶಃ ಅದೇ ಹೊತ್ತಿಗೆ, ದೇಶನೂರಿನಲ್ಲಿ ಮುದುಕ ತೀರಿಕೊಂಡಿದ್ದ.

ತೆಕ್ಕಲಕೋಟೆಯ ಬಂಡೆಗಳ ಮಗ್ಗುಲಲ್ಲಿ ಒಂದು ರಾತ್ರಿ ಕಳೆದು ಮುಂದೆ ಹೊರಟಾಗ, ಎದುರಿಗೆ ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕ ಅವನನ್ನು ನಿಲ್ಲಿಸಿದ. ಗುರುತಿನವನಲ್ಲ. ಕೋಲಿನ ತುದಿಯಿಂದ ಮರಿಯ ಕಿವಿಯನ್ನು ಎತ್ತಿ ನೋಡಿ, “ಯಾರ ಮರಿನಪಾ ಇವು? ಗುರುತಿಲ್ಲ?” ಎಂದ.

“ಇವು... ಇನ್ನಾ ಹಾಕಿಲ್ಲ,” ಎಂದ ಎರ್ರೆಪ್ಪ.

“ಯಾರವು ಅಂತ ಕೇಳಿದೆ.”

ನನ್ನವು ಅಂದರೆ ಸುಳ್ಳು. ಹೆಂಡತಿಯವು ಅಂದರೆ, ತಾಯಂದಿರ ಕಿವಿಯಲ್ಲಿ ನಿನ್ನ ಮನೆಯ ಕಚ್ಚು ಯಾಕಿದೆ ಎಂದು ಕೇಳುತ್ತಾನೆ. ಎರ್ರೆಪ್ಪ ತಾಯಿಕುರಿಗಳ ಕಡೆ ಕೈ ತೋರಿಸಿದ. ಮುದುಕ ಅವುಗಳ ಕಿವಿ ನೋಡಿದ, ಎರ್ರೆಪ್ಪನ ಮುಖ ನೋಡಿದ, ಮತ್ತೆ ಕಿವಿ ನೋಡಿ, “ಕುರುಗೋಡಿಂದು,” ಎಂದು ತನಗೇ ಹೇಳಿಕೊಂಡು ಹೋದ. ಕಳ್ಳನೆಂದು ಅನುಮಾನ ಪಟ್ಟು, ಆಮೇಲೆ ಕನಿಕರದಿಂದ ಬಿಟ್ಟು ಹೋದ ಹಾಗಿತ್ತು. ಬೇರೆ ದಿನವಾಗಿದ್ದರೆ ಎರ್ರೆಪ್ಪ ಜಗಳ ತೆಗೆಯುತ್ತಿದ್ದ. ಇವತ್ತು ಮುದುಕ ಎಣಿಸಿದ್ದು ಸರಿಯೇ ಅನ್ನಿಸಿತು.

ಎರಡು ವರ್ಷದ ಹಿಂದೆ ಪಾರಮ್ಮ ಅಪ್ಪನ ದಿನಕರ್ಮ ಮುಗಿಸಿ ವಾಪಸು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಗಂಟನ್ನು ಬಾಗಿಲಲ್ಲೇ ಇಟ್ಟು, ಕಾಲು ಕೂಡ ತೊಳೆಯದೆ, ನೆಟ್ಟಗೆ ರೊಪ್ಪಕ್ಕೆ ಹೋದಳು. ಆಕೆ ಮಬ್ಬಿನಲ್ಲಿ ತನ್ನ ಕುರಿಗಳನ್ನು ಕಣ್ಣಿಂದ ಹುಡುಕುತ್ತಿರಲಿಲ್ಲ, ಕೈಯಿಂದ ಹುಡುಕುತ್ತಿದ್ದಳು. ಸೀಳುಗಿವಿಯ ಮೂರು ದೊಡ್ಡ ಕುರಿಗಳು ಸಿಕ್ಕವು. ಅವುಗಳ ಮಗ್ಗುಲಿಗೆ ಮಲಗಿದ್ದ ಮರಿಗಳ ಎಡಗಿವಿ ಮುಟ್ಟಿದಳು, ಖಾಲಿ. ಬಲಗಿವಿ ಮುಟ್ಟಿದಳು. ಬೇಲಿಯ ಈಚೆಗೆ ನಿಂತ ಎರ್ರೆಪ್ಪನಿಗೆ ಆಕೆಯ ಮುಖ ಕಾಣಲಿಲ್ಲ, ಕೈ ಮಾತ್ರ ಕಾಣುತ್ತಿತ್ತು, ಆ ಕೈ ಒಂದರ ಕಿವಿಯಿಂದ ಇನ್ನೊಂದರ ಕಿವಿಗೆ ಹೋಗಿ, ಮೂರನೆಯದರ ಮೇಲೆ ಬಹಳ ಹೊತ್ತು ನಿಂತಿತು. “ಚಿಗಪ್ಪಂದು ಕಣ್ಣು ಮಂಜಾಗೇತಿ, ಗೊತ್ತಾಗದ ಹಾಕಿಬಿಟ್ಟ,” ಎಂದು ಅವನು ಕೇಳದೆಯೇ ಹೇಳಿದ. ಚಿಗಪ್ಪ ಅಲ್ಲೇ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಕೇಳಿಸಿಕೊಂಡ. ಎರ್ರೆಪ್ಪನ ಮುಖ ನೋಡಿ, ತಲೆ ತಗ್ಗಿಸಿ, ಆ ತಪ್ಪನ್ನು ಹೊತ್ತುಕೊಂಡು ಒಳಗೆ ಹೋದ. ಮರುದಿನ ಎರ್ರೆಪ್ಪ ಹೆಂಡತಿಗೆ ಸಮಾಧಾನ ಹೇಳಲು ಹೋಗಿ ಇನ್ನೊಂದು ಮೂರ್ಖತನ ಮಾಡಿದ: ಎಡಗಿವಿ ಹಾಗೇ ಇದೆಯಲ್ಲ, ನಿಮ್ಮವರನ್ನು ಕರೆಸಿ ಸೀಳಿಸಿದರಾಯಿತು ಎಂದ. ಆಗ ಮಾತ್ರ ಆಕೆ ಅವನನ್ನು ನೋಡಿದಳು. ಎರಡು ಗುರುತಿನ ಕುರಿ ಅಂದರೆ ಮಾರಿದ ಕುರಿ, ಮೊದಲ ಮನೆಯದೊಂದು, ಕೊಂಡವನದೊಂದು. “ನನ್ನ ಕುರಿ ನಿನಗ ಮಾರೀನೇನು ನಾನು?” ಎಂದು ಕೇಳಿದಳು. ಆ ಮೇಲೆ ಎರಡು ತಿಂಗಳು ಇದ್ದಳು. ರೊಟ್ಟಿ ಬಡಿದಳು, ನೀರು ಹೊತ್ತಳು, ಉಣ್ಣೆ ನೂತಳು. ಸಿಟ್ಟು ಇಳಿಯಿತು ಎಂದು ಎರ್ರೆಪ್ಪ ಒಳಗೊಳಗೇ ಹಿಗ್ಗಿದ. ಅವಳು ಕಾಯುತ್ತಿದ್ದುದು ಮರಿಗಳು ಹಾಲು ಬಿಡಲಿ ಎಂದು. ಬಿಟ್ಟ ಮರುದಿನ, ಸೀಳುಗಿವಿಯ ಮೂರು ಕುರಿಗಳನ್ನು ಹೊಡೆದುಕೊಂಡು ದೇಶನೂರಿಗೆ ಹೋದಳು. ಕಚ್ಚಿನ ಮರಿಗಳನ್ನು ಮುಟ್ಟಲಿಲ್ಲ. ಅವು ಬೆಳೆದು, ಈಗ ಅವೇ ತಾಯಿಯಾಗಿದ್ದವು.

ಸಿರುಗುಪ್ಪ ದಾಟಿದ ಮೇಲೆ ಗಾಳಿಯೇ ಬೇರೆ. ಹಳೆಯ ಕಾಲುವೆಯ ನೀರು, ಭತ್ತದ ಹಸಿರು, ಕೆಸರಿನ ವಾಸನೆ. ತಾಯಿಕುರಿಗಳು ಹಸಿರು ಕಂಡು ಬದುವಿನಿಂದ ಕೆಳಗಿಳಿಯುತ್ತಿದ್ದವು, ಅವನ್ನು ಹೊಡೆದು ಹೊಡೆದು ಎರ್ರೆಪ್ಪನ ಗಂಟಲು ಬಿದ್ದುಹೋಗಿತ್ತು. ದೇಶನೂರಿನ ಹೊರಗೆ ಬೇಲಿ, ಬೇಲಿಯೊಳಗೆ ಗುಡಿಸಲು. ಪಾರಮ್ಮನ ತಮ್ಮ ಜಡೆಪ್ಪ ಕಾಲುವೆಯಿಂದ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದವನು ಅವನನ್ನು ಕಂಡು ಅರೆಕ್ಷಣ ನಿಂತ.

“ಬಾ ಬಾವ,” ಎಂದ ಕೊನೆಗೆ. “ಕಾಲಿಗೆ ನೀರು ತಗೋ.”

ಪಾರಮ್ಮ ಬೇವಿನ ಮರದ ಕೆಳಗೆ ಉಣ್ಣೆ ನೂಲುತ್ತ ಕುಂತಿದ್ದಳು. ಏಳಲಿಲ್ಲ. ತೆಳ್ಳಗಾಗಿದ್ದಳು. ಕೈಯಲ್ಲಿನ ಕದಿರು ಒಂದು ಸಲ ತಪ್ಪಿ, ಮತ್ತೆ ತಿರುಗಿತು. ಎರಡು ವರ್ಷ ಇದೇ ಮುಖವನ್ನು ಕಣ್ಣು ಮುಚ್ಚಿ ಮುಚ್ಚಿ ನೆನೆದಿದ್ದ ಎರ್ರೆಪ್ಪನಿಗೆ ಈಗ ಕಣ್ಣು ತೆರೆದು ನೋಡಲಾಗಲಿಲ್ಲ. ಅವನು ಕಂಬಳಿಯಿಂದ ಮರಿ ಇಳಿಸಿದ. ಮರಿ ನೆಟ್ಟಗೆ ತಾಯಿಯ ಕೆಚ್ಚಲಿಗೆ ಹೋಯಿತು.

“ಬಂದೋರಿಗೆ ಮಜ್ಜಿಗಿ ಕೊಟ್ಟೀಯೇನು ಜಡೆಪ್ಪ,” ಎಂದಳು ಪಾರಮ್ಮ, ತಮ್ಮನ ಕಡೆ ನೋಡುತ್ತ. “ಕೇಳು, ಯಾತಕ್ಕ ಬಂದಾರ?”

“ಮರಿ ತಂದೀನಿ,” ಎಂದ ಎರ್ರೆಪ್ಪ, ಅವನೂ ಜಡೆಪ್ಪನಿಗೇ. “ಕಿವಿ ಕೊಯ್ಯಾಕ. ನಿಮ್ಮ ಗುರುತು ಹಾಕಿ ಕೊಡಪಾ.”

ಜಡೆಪ್ಪ ನಕ್ಕ, ಮುಜುಗರದ ನಗು. “ನಾನು ಭತ್ತಕ್ಕ ಬಿದ್ದೀನಿ ಬಾವ. ಅಪ್ಪನ ಚೂರಿ ನನ್ನ ಕೈಗೆ ಬರಂಗಿಲ್ಲ. ಈಗ ನಮ್ಮ ಮನ್ಯಾಗ ಕಿವಿ ಕೊಯ್ಯಾಕಿ ಅಕ್ಕಾನ.”

ಹೆಂಗಸು ಚೂರಿ ಹಿಡಿದದ್ದನ್ನು ಎರ್ರೆಪ್ಪ ಕಂಡವನಲ್ಲ, ಕೇಳಿದವನಲ್ಲ. ಪಾರಮ್ಮ ಎದ್ದು ಒಳಗೆ ಹೋಗಿ ಬಂದಳು. ಒಂದು ಕೈಯಲ್ಲಿ ಮುದುಕನ ಚೂರಿ, ಇನ್ನೊಂದರಲ್ಲಿ ಅರಿಶಿಣದ ಚಿಪ್ಪು. ಗುಡಿಸಲಿನ ಮುಂದಿನ ಕಲ್ಲಿನ ಮೇಲೆ ಕುಂತಳು. ಜಡೆಪ್ಪ ಮರಿ ಹಿಡಿಯಲು ಮುಂದೆ ಬಂದ.

“ನೀ ಸರಿ,” ಎಂದಳು. “ತಂದೋರು ಹಿಡೀಲಿ.”

ಬೇಲಿಯಾಚೆ ಹಾದಿಯಲ್ಲಿ ಹುಲ್ಲಿನ ಹೊರೆ ಹೊತ್ತ ಮೂರು ನಾಲ್ಕು ಮಂದಿ ನಿಂತರು. ಕುರುಗೋಡಿನ ಅಳಿಯ ಬಂದಿದ್ದಾನೆಂದು ಆಗಲೇ ಗೊತ್ತಾಗಿತ್ತೇನೋ. ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುವುದು ಹೆಂಗಸಿನ ಕೆಲಸ. ಅವ್ವ ಕೂಡುತ್ತಾಳೆ, ಪಾರಿ ಕೂಡುತ್ತಿದ್ದಳು. ಎರ್ರೆಪ್ಪನಿಗೆ ಕೌಲ್ ಬಜಾರಿನ ಕಟ್ಟೆಯ ಏಳೆಂಟು ಮಂದಿಯೂ ಬಂದು ಹುಲ್ಲಿನವರ ಜೊತೆ ನಿಂತ ಹಾಗಾಯಿತು. ನಗಲಿ, ನಕ್ಕು ಸಾಯಲಿ ಎಂದುಕೊಂಡು, ಕಂಬಳಿ ಹರವಿ, ಪಂಚೆ ಎತ್ತಿ ಕಟ್ಟಿ, ಆಕೆಯ ಎದುರಿಗೆ ನೆಲದ ಮೇಲೆ ಕಾಲು ಮಡಚಿ ಕುಂತ. ಮೊದಲನೆಯ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಹಿಡಿಯಲು ಸರಿಯಾಗಿ ಬರಲಿಲ್ಲ, ಮರಿ ಒದ್ದು ಬಿಡಿಸಿಕೊಂಡಿತು. ಹಾದಿಯಲ್ಲಿ ಯಾರೋ ಕಿಸಕ್ಕೆಂದರು.

“ಹಂಗಲ್ಲ. ನಾಕೂ ಕಾಲು ಒಂದ ಕೈಯಾಗ,” ಎಂದಳು ಪಾರಮ್ಮ. ಎರಡು ವರ್ಷದಲ್ಲಿ ಆಕೆ ಅವನಿಗೆ ಆಡಿದ ಮೊದಲ ಮಾತು ಅದು.

ಎಡಗಿವಿಯ ತುದಿಯನ್ನು ಬೆರಳಲ್ಲಿ ನೇರ ಮಾಡಿ ಒಂದೇ ಎಳೆತಕ್ಕೆ ಸೀಳಿದಳು. ಮುದುಕನ ಕೈಯೇ. ಅರಿಶಿಣ ಒತ್ತಿದಳು. ಎರಡನೆಯದು. ಸೀಳಿದಳು, ಒತ್ತಿದಳು. ಆಕೆಯ ಬೆರಳು ಎರ್ರೆಪ್ಪನ ಮಣಿಕಟ್ಟಿಗೆ ತಗಲಿತು. ಮೂರನೆಯ ಮರಿಯನ್ನು ತೊಡೆಗೆ ಹಾಕಿಕೊಂಡಾಗ ಆಕೆ ಚೂರಿ ಕೆಳಗಿಟ್ಟು, ಅದನ್ನು ಹುಡುಕಿಕೊಂಡು ಬಂದ ತಾಯಿಕುರಿಯ ಬಲಗಿವಿ ಹಿಡಿದಳು. ಅಂದು ರೊಪ್ಪದಲ್ಲಿ ಹಿಡಿದಂತೆಯೇ, ಕಚ್ಚಿನ ಮೇಲೆ ಹೆಬ್ಬೆರಳು ಇಟ್ಟು.

“ಈ ಕಚ್ಚು ಹಾಕಿದೋರು ಯಾರು?”

ಚಿಗಪ್ಪ ಎಂಬ ಮಾತು ರೂಢಿಯಾಗಿ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಲು ಎರ್ರೆಪ್ಪನಿಗೆ ಎಷ್ಟು ಹೊತ್ತು ಹಿಡಿಯಿತೋ.

“ನಾನ,” ಎಂದ. “ಚಿಗಪ್ಪ ಅಲ್ಲ. ಚಿಗಪ್ಪ ಕೊಯ್ಯಬ್ಯಾಡ ಅಂತ ಬೇರೆ ಕಟ್ಟಿ ಹೋಗಿದ್ದ. ಬೇಕಂತ ನಾನ ಹಾಕಿದೆ. ನಿನ್ನ ಕುರಿ ಕಾಯಾಂವ ಅಂತ ಮಂದಿ ನಕ್ಕಿದ್ರು. ಅದಕ್ಕ.”

ಪಾರಮ್ಮ ಕುರಿಯ ಕಿವಿ ಬಿಡಲಿಲ್ಲ. “ಸಣ್ಣ ಮಾವನ ಕಚ್ಚು ಓರೆ ಇರ್ತೈತಿ. ಇದು ನೆಟ್ಟಗೈತಿ. ಅವತ್ತ ಗೊತ್ತಾಗೇತಿ ನನಗ, ಮುಟ್ಟಿದ ಕೂಡಲೇ. ಹೇಳ್ತೀ ಹೇಳ್ತೀ ಅಂತ ಎರಡು ತಿಂಗಳು ಕಾದೆ. ಮರಿ ಹಾಲು ಬಿಟ್ವು, ನೀ ಬಾಯಿ ಬಿಡಲಿಲ್ಲ. ಸಣ್ಣ ಮಾವನ್ನ ತಲಿ ತಗ್ಗಿಸಿ ಅಡ್ಡಾಡಂಗ ಮಾಡಿದಿ. ಇಲ್ಲಿ ಬಂದೂ ಕಾದೆ. ಕಿವಿ ಕೊಯ್ದದ್ದಕ್ಕ ಬಿಟ್ಟು ಬಂದೀನಿ ಅಂತ ತಿಳಕೊಂಡಿದ್ಯೇನು ನೀನು?”

ಎರ್ರೆಪ್ಪನಿಗೆ ಅಳು ಬಂತು. ಮರಿಯ ಕಾಲು ಹಿಡಿದ ಕೈ ಬಿಡುವಂತಿರಲಿಲ್ಲ, ಒರೆಸಿಕೊಳ್ಳಲೂ ಆಗದೆ ಹಾಗೇ ಅತ್ತ. ಹುಲ್ಲಿನವರು ನೋ‌ಡುತ್ತಿದ್ದರು. “ಬಾ ಪಾರಿ,” ಎಂದ. “ನೀ ಇಲ್ಲದ ಆಗವಲ್ದು.”

ಆಕೆ ಮೂರನೆಯ ಮರಿಯ ಎಡಗಿವಿಯ ತುದಿಯನ್ನು ಬೆರಳಲ್ಲಿ ನೇರ ಮಾಡಿದಳು, ನೋಡಿದಳು, ಬಿಟ್ಟಳು. ಚೂರಿಯನ್ನು ಒರೆಸಿ ಮಡಿಲಿಗೆ ಸೇರಿಸಿದಳು. ಆಮೇಲೆ, ಯೋಚಿಸದೆಯೇ, ಅವನ ತೊಡೆಯ ಕೆಳಗಿನಿಂದ ಕಂಬಳಿಯ ಅಂಚು ಎಳೆದು ಅರಿಶಿಣದ ಕೈ ಒರೆಸಿಕೊಂಡಳು. ಒರೆಸುತ್ತಿರುವಾಗ ಆ ಅಂಚಿನ ಹಳೆಯ ಹಳದಿ ಕಂಡಿತು. ಕೈ ನಿಂತಿತು. ಅದನ್ನು ನೋಡಿ, ಮತ್ತೆ ಅಲ್ಲೇ ಒರೆಸಿದಳು.

“ಒಗದಿಲ್ಲೇನು ಇದನ್ನ?”

“ಇಲ್ಲ.”

“ಹೊಲಸು,” ಎಂದಳು. ಎದ್ದು ನಿಂತಳು. “ಈ ಎರಡರ ಕಿವಿ ಹಸೀ ಐತಿ, ಹಾದ್ಯಾಗ ನೊಣ ಕುಂತು ಹುಳ ಬೀಳ್ತಾವ. ತಾಯಿ ಮರಿ ಇಲ್ಲೇ ಇರ್ಲಿ. ಆ ಒಂದು ನೀ ಹೊಡಕೊಂಡು ಹೋಗು.”

“ಇದರ ಕಿವಿ?”

“ಅಲ್ಲಿ ಬಂದು ಕೊಯ್ತೀನಿ.”

ಎರ್ರೆಪ್ಪ ಮರಿಯನ್ನು ಬಿಟ್ಟದ್ದೂ ಗೊತ್ತಾಗದೆ ಕುಂತಿದ್ದ. “ಅಪ್ಪ ಬಂದು ಹೋಗ್ತಿದ್ನಲ್ಲ, ಹಂಗೇನು? ಕೊಯ್ದು ಹೊಳ್ಳಿ ಬರ್ತೀಯೇನು?”

“ಅದು ಅಲ್ಲಿ ಬಂದ ಮ್ಯಾಲಿನ ಮಾತು. ಮೊದಲು ಸಣ್ಣ ಮಾವನ ಮುಂದ ಹೋಗಿ ನಿಂದ್ರು. ನನಗ ಹೇಳಿದ್ದನ್ನ ಊರ ಮುಂದ ಹೇಳು.”

“ಯಾವಾಗ ಬರ್ತಿ?”

ಪಾರಮ್ಮ ಗುಡಿಸಲ ಬಾಗಿಲಲ್ಲಿ ತಿರುಗಿದಳು. “ಕಿವಿ ಬಲಿಯೋದರೊಳಗ ಬಂದ್ರ ಬಂದೆ,” ಎಂದು ಒಳಗೆ ಹೋದಳು.

ಮರುದಿನ ಹೊತ್ತು ಹುಟ್ಟುವಾಗ ಒಂದು ತಾಯಿ, ಒಂದು ಮರಿಯೊಂದಿಗೆ ಅವನು ಹೊರಟ. ಆಕೆ ಹೊರಗೆ ಬರಲಿಲ್ಲ; ರೊಟ್ಟಿಯ ಗಂಟನ್ನು ಜಡೆಪ್ಪ ತಂದು ಕೊಟ್ಟ. ಹಿಂದೆ ಬಿಟ್ಟ ಎರಡು ಕುರಿಗಳು ಬೇಲಿಯೊಳಗಿಂದ ಕೂಗುತ್ತಿದ್ದವು, ಇದು ಹಾದಿಯಲ್ಲಿ ನಿಂತು ನಿಂತು ಉತ್ತರ ಕೊಡುತ್ತಿತ್ತು. ಎರಡು ತಾಯಿ ಅಲ್ಲಿ ಉಳಿದವು, ಅವಕ್ಕೆ ಇವನ ಮನೆಯ ಕಚ್ಚು. ಅವನ್ನು ತಲುಪಿಸಲಾದರೂ ಬಂದಾಳು ಎಂದುಕೊಂಡ. ಜಡೆಪ್ಪನ ಕೈಯಲ್ಲಿ ಕಳಿಸಿಬಿಟ್ಟರೆ ಎಂದೂ ಅನ್ನಿಸಿತು. ಸಿರುಗುಪ್ಪ ಹಿಂದೆ ಬಿದ್ದು ಹಸಿರು ಮುಗಿದು ಮತ್ತೆ ಎರೆಹೊಲ ಶುರುವಾಗುವವರೆಗೆ ಈ ಎರಡು ಮಾತೇ ಅವನೊಳಗೆ ಅಡ್ಡಾಡಿದವು. ಚಿಗಪ್ಪನ ಮುಂದೆ ನಿಲ್ಲುವುದು ಕಷ್ಟವೆಂದು ಅನ್ನಿಸಲಿಲ್ಲ. ಅದನ್ನು ನೆನೆದರೆ ಎಷ್ಟೋ ದಿನದ ಮೇಲೆ ಹೊರೆ ಇಳಿಸಲು ಜಾಗ ಸಿಕ್ಕಂತೆ ಆಗುತ್ತಿತ್ತು. ಸಂಗನಕಲ್ಲಿನವರಿಗೆ ಸಂಬಂಧ ಬೇಡವೆಂದು ತಾನೇ ಹೋಗಿ ಹೇಳಿ ಬರಬೇಕು. ಅವ್ವ ಒಂದು ವಾರ ಮಾತು ಬಿಡುತ್ತಾಳೆ, ಬಿಡಲಿ.

ತೆಕ್ಕಲಕೋಟೆಗೆ ಇನ್ನೂ ಒಂದು ಹರದಾರಿ ಇರುವಾಗ ಎದುರಿನಿಂದ ಬಂದ ಎತ್ತಿನ ಗಾಡಿ ನಿಂತಿತು. ಗಾಡಿಯಲ್ಲಿ ಖಾಲಿ ಚೀಲಗಳ ಮೇಲೆ ದಸ್ತಗೀರಸಾಬ. ಉಣ್ಣೆ ಎತ್ತಲು ಹಳ್ಳಿಯ ಕಡೆ ಹೊರಟಿದ್ದ.

“ಏನಪಾ ಎರ್ರೆಪ್ಪ, ಈ ಕಡಿ?” ಎಂದು ಗಾಡಿಯಿಂದ ಬಾಗಿ, ಕಂಬಳಿಯ ಮಡಿಕೆಯಲ್ಲಿದ್ದ ಮರಿಯನ್ನು ನೋಡಿದ. “ಕಿವಿ ಖಾಲಿ ಐತಲ್ಲೋ ಇದರದು. ಯಾರ ಮರಿ?”

“ನನ್ನ ಹೆಂಡ್ತಿದ್ರಿ,” ಎಂದ ಎರ್ರೆಪ್ಪ. ನಗು ಬರಲಿ ಎಂದು ಕಾದ. ಬರಲಿಲ್ಲ. ತಾನೇ ಹೇಳಿದ: “ನಾನು ಕಾಯಾಂವ.”

ದಸ್ತಗೀರಸಾಬ ಮರಿಯ ಬೆನ್ನ ಮೇಲೆ ಕೈಯಾಡಿಸಿದ. ಅಂಗಡಿಯ ಕಟ್ಟೆಯ ಆ ಮಾತು ಅವನಿಗೆ ನೆನಪೇ ಇರಲಿಲ್ಲ. “ಚಲೋ ಐತಿ. ಉಣ್ಣಿ ಕರ್ರಗ ಬರ್ತೈತಿ ನೋಡು,” ಎಂದು ಎತ್ತಿನ ಬೆನ್ನು ತಟ್ಟಿಸಿದ. ಗಾಡಿ ಹೋಯಿತು.

ಧೂಳು ಅಡಗುವವರೆಗೆ ಎರ್ರೆಪ್ಪ ಅಲ್ಲೇ ನಿಂತಿದ್ದ. ಮರಿಯ ಎಡಗಿವಿಯ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿದ. ಮೆತ್ತಗಿತ್ತು. ಇನ್ನು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು ದಿನ ಹೀಗಿರುತ್ತದೆ. ಆಮೇಲೆ ಕಿವಿ ದಪ್ಪವಾಗುತ್ತದೆ, ಚೂರಿ ಎಳೆದರೆ ಬಹಳ ರಕ್ತ ಹೋಗುತ್ತದೆ, ಯಾರೂ ಕೊಯ್ಯುವುದಿಲ್ಲ. ತಾಯಿಕುರಿ ಮುಂದೆ ಹೋಗಿ ನಿಂತು ಕೂಗಿತು. ಅವನು ನಾಲ್ಕು ಹೆಜ್ಜೆ ನಡೆದು, ಮತ್ತೆ ಒತ್ತಿ ನೋಡಿದ.